ಕರೆಯಲು ಹೋದ ಕಾರು

ಅವರ ಬಲಗೈಯ ಮೂರು ಬೆರಳುಗಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣಗೆ, ಕಪ್ಪುಗೆಂಪಾಗಿ ಹೊಳೆಯುವ ಚರ್ಮವಿತ್ತು. ಬಿಸಿ ಚಹಾದ ತಟ್ಟೆಯನ್ನು ಆ ಮೂರು ಬೆರಳುಗಳ ಮೇಲೆ ಕೂರಿಸಿಕೊಂಡು ಊದದೆ ಕುಡಿಯುತ್ತಿದ್ದರು. ಮನೆ ನೋಡಲು ಹೋದ ಮೊದಲ ದಿನ ನಾನು ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುವುದನ್ನೂ ಮರೆತು ಆ ಕೈಯನ್ನೇ ನೋಡುತ್ತ ನಿಂತುಬಿಟ್ಟೆ. ಅವರಿಗದು ತಿಳಿಯಿತು. "ಡಾಂಬರ್ ರೀ," ಎಂದರು, ಹಳೆಯ ಪರಿಚಯದವರೊಬ್ಬರ ಹೆಸರು ಹೇಳುವಂತೆ. "ಸಣ್ಣಾಂವ ಇದ್ದಾಗ ಡಬ್ಬಿ ಸರಿಯಾಗಿ ಹಿಡಿಯಾಕ ಬರ್ತಿದ್ದಿಲ್ಲ."

ಅಹಮದಾಬಾದಿನಲ್ಲಿ, ಅದೂ ಮಣಿನಗರದ ಗಲ್ಲಿಯೊಂದರಲ್ಲಿ, ಹೀಗೆ ಅಚ್ಚ ಬಾಗಲಕೋಟೆಯ ಮಾತು ಕಿವಿಗೆ ಬಿದ್ದರೆ ಹುಬ್ಬಳ್ಳಿಯ ಹೆಂಗಸು ಏನು ಮಾಡಬೇಕು? ಮನೆಯ ಅಡುಗೆಕಟ್ಟೆ ಗಿಡ್ಡ, ಬಚ್ಚಲಿನ ಬಾಗಿಲು ಮುಚ್ಚುತ್ತಿರಲಿಲ್ಲ, ಆದರೂ ಹೂಂ ಎಂದೆ. ಬ್ಯಾಂಕು ನನ್ನನ್ನು ಇನ್ನೇನು ಊರಲ್ಲೇ ನಿವೃತ್ತಳಾಗಬಹುದು ಎಂದು ಕನಸು ಕಾಣುವ ವಯಸ್ಸಿನಲ್ಲಿ ಎತ್ತಿ ಗುಜರಾತಿಗೆ ಒಗೆದಿತ್ತು. ಗಂಡ ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಮಕ್ಕಳಿಲ್ಲ. ಒಬ್ಬಳೇ ಹೆಂಗಸಿಗೆ ಮನೆ ಕೊಡಲು ಹತ್ತು ಪ್ರಶ್ನೆ ಕೇಳುವ ಜನರ ನಡುವೆ ಇವರೊಬ್ಬರು ಒಂದನ್ನೂ ಕೇಳಲಿಲ್ಲ. ಅವರು ಕೆಳಗೆ, ನಾನು ಮೇಲೆ. ನಾನು ಅವರನ್ನು ಕಾಕಾ ಎಂದೆ. ಅಪ್ಪನ ತಮ್ಮನಿಗೆ ನಮ್ಮ ಕಡೆಯವರೂ ಗುಜರಾತಿಗಳೂ ಅದನ್ನೇ ಅನ್ನುವುದರಿಂದ ಇಡೀ ಹೌಸಿಂಗ್ ಸೊಸೈಟಿಗೆ ಅವರು ಕಾಕಾನೇ ಆಗಿದ್ದರು.

ಕಾಕಾ ಶ್ರೀಮಂತರು ಎಂದು ನನಗೆ ಗೊತ್ತಾಗಲು ತಿಂಗಳು ಬೇಕಾಯಿತು. ಮಡಚಿದ ತೋಳಿನ ಬಿಳಿ ಅಂಗಿ, ರಬ್ಬರಿನ ಚಪ್ಪಲಿ. ಊರ ಹೊರಗೆ ಅವರದೇ ಇಟ್ಟಿಗೆಬ್ಲಾಕಿನ ಕಾರ್ಖಾನೆ, ರಸ್ತೆ ಹಾಕುವ ಯಂತ್ರಗಳು, ಇಬ್ಬರು ಗಂಡುಮಕ್ಕಳಿಗೆ ವಸ್ತ್ರಾಪುರದ ಕೆರೆ ಕಾಣುವ ಹಾಗೆ ಎರಡು ಫ್ಲಾಟು. ಮಕ್ಕಳು ಒಳ್ಳೆಯವರು, ಸುಳ್ಳು ಹೇಳಬಾರದು. ಪ್ರತಿ ರವಿವಾರ ಬಂದು "ಪಪ್ಪಾ, ನಮ್ಮ ಜೊತೆ ಬನ್ನಿ" ಎಂದು ಗುಜರಾತಿಯಲ್ಲಿ ಕರೆಯುತ್ತಿದ್ದರು. ಸೊಸೆಯಂದಿರು ಸ್ಥಳೀಯರು, ಮೊಮ್ಮಕ್ಕಳಿಗೆ ಇಂಗ್ಲಿಷು. ಕಾಕಾ ಮೊಮ್ಮಗಳಿಗೆ "ಬಾ ಇಲ್ಲಿ, ಕುಂದ್ರು" ಅಂದರೆ ಆ ಹುಡುಗಿ ಅಪ್ಪನ ಮುಖ ನೋಡುತ್ತಿತ್ತು. ಹೆಂಡತಿ ತೀರಿಹೋದ ಮೇಲೆ ಆ ಮನೆಯಲ್ಲಿ ಕನ್ನಡ ಎನ್ನುವುದು ಕಾಕಾ ದೇವರ ಮುಂದೆ ನಿಂತು ಗೊಣಗುವ ಮಾತಿಗಷ್ಟೇ ಉಳಿದಿತ್ತು. ನಾನು ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಒಬ್ಬರೇ ಇರುವ ಇಬ್ಬರು ಒಂದೇ ಮನೆಯಲ್ಲಿದ್ದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ಬೇಕಾಗುತ್ತದೆ.

ಕೆಲಸದಲ್ಲಿ ಅವರದೊಂದು ಪದ್ಧತಿ. ಎಲ್ಲೇ ಹೊಸ ರಸ್ತೆಯಾಗಲಿ, ಇಂಜಿನಿಯರ್ ನೋಡಿ ಹೋದ ಮೇಲೆ ಕಾಕಾ ಮನೆಯ ಹಿತ್ತಾಳೆ ತಂಬಿಗೆ ಹಿಡಿದು ಹೋಗಿ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೀರು ಸುರಿಯುತ್ತಿದ್ದರು. ನೀರು ಎರಡೂ ಬದಿಗೆ ಹರಿದು ಹೋಗಬೇಕು. ಎಲ್ಲಾದರೂ ನಿಂತಿತೋ, ಆ ತುಂಡನ್ನು ಅಗೆಸುತ್ತಿದ್ದರು. ಒಮ್ಮೆ ನನ್ನ ಬ್ಯಾಂಕಿನ ಎದುರಿನ ರಸ್ತೆಯಲ್ಲೇ ಹೀಗೆ ಕೂತಿದ್ದರು. ಹಿಂದೆ ವಾಹನಗಳು ಹಾರ್ನ್ ಹೊಡೆಯುತ್ತಿವೆ, ಇವರು ಏಳಲೊಲ್ಲರು. "ಜನಕ್ಕ ಏನರ ಹೇಳಬಹುದ್ರಿ, ನೀರಿಗೆ ಸುಳ್ಳ ಹೇಳಾಕ ಬರಂಗಿಲ್ಲ," ಎಂದರು. ನನ್ನ ಮ್ಯಾನೇಜರ್ ಕಿಟಕಿಯಿಂದ ನೋಡಿ ಯಾರೋ ತಲೆ ಕೆಟ್ಟವರು ಎಂದುಕೊಂಡಿದ್ದರಂತೆ.

ಕಷ್ಟದಿಂದ ಮೇಲೆ ಬಂದವರ ಕಥೆ ಅಂದರೆ ನನಗೆ ಮೊದಲಿನಿಂದ ಆಕಳಿಕೆ. ಬ್ಯಾಂಕಿನ ತರಬೇತಿಗಳಲ್ಲಿ ಅಂಥವನ್ನು ಕೇಳಿ ಕೇಳಿ ಸಾಕಾಗಿತ್ತು. ಬರಿಗಾಲು, ಬೀದಿದೀಪ, ಛಲ, ಕೊನೆಗೆ ಚಪ್ಪಾಳೆ. ನಾನು ಬಂದ ವರ್ಷವೇ ನವೆಂಬರಿನಲ್ಲಿ ಇಲ್ಲಿಯ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದಾಗ ಕಾಕಾಗೆ ಸನ್ಮಾನ ಇಟ್ಟುಕೊಂಡಿದ್ದರು. ಮೈಸೂರು ಪೇಟ ಅವರ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು. ನಿರೂಪಣೆ ಮಾಡುವ ಹುಡುಗ ಏರುದನಿಯಲ್ಲಿ ಎಲ್ಲವನ್ನೂ ಹೇಳಿದ. ಅಪ್ಪ ಅವ್ವ ರಸ್ತೆ ಕೆಲಸಕ್ಕೆಂದು ಬಂದು, ರಸ್ತೆಯ ಬದಿಯಲ್ಲೇ ಗುಡಾರ ಹಾಕಿದ್ದು, ಒಬ್ಬರ ಹಿಂದೊಬ್ಬರು ಜ್ವರಕ್ಕೆ ತೀರಿದ್ದು, ಹುಡುಗ ಡಾಂಬರಿನ ಒಲೆಗೆ ಕಟ್ಟಿಗೆ ಹಾಕುತ್ತ ಗುಜರಾತಿ ಶಾಲೆಗೆ ಹೋಗಿ ಓದು ಕಲಿತದ್ದು, ಗುಂಡಿ ಮುಚ್ಚುವ ಸಣ್ಣ ಗುತ್ತಿಗೆಯಿಂದ ಶುರು ಮಾಡಿ ಇಷ್ಟು ದೊಡ್ಡವರಾದದ್ದು. ಆಮೇಲೆ ಮೈಕು ಕೈಗಿಟ್ಟು, "ಸರ್, ಯುವಜನರಿಗೆ ಯಶಸ್ಸಿನ ಗುಟ್ಟು ಹೇಳಬೇಕು," ಎಂದ.

ಕಾಕಾ ಪೇಟವನ್ನು ಹಿಂದಕ್ಕೆ ಸರಿಸಿಕೊಂಡರು. "ನಮ್ಮ ಪಾಳಿ ಇನ್ನೊಬ್ರು ಹೊತ್ರ ನಾವು ಮ್ಯಾಲ ಬರತೀವಿ. ಗುಟ್ಟು ಅಂದ್ರ ಅಷ್ಟಽ," ಎಂದು ಹೇಳಿ ಮೈಕು ವಾಪಸ್ ಕೊಟ್ಟು ಕೂತುಬಿಟ್ಟರು. ಜನ ಚಪ್ಪಾಳೆ ಹೊಡೆದರು. ಎಂಥ ವಿನಯ ಎಂದು ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ನಾನೂ ವಿನಯ ಎಂದೇ ತಿಳಿದೆ. ಪಾಳಿ ಹೊತ್ತವರು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಅದಕ್ಕೂ ಮೊದಲೇ, ನಾನು ಬಂದ ವರ್ಷದ ಶ್ರಾವಣದಲ್ಲಿ, ಒಂದು ಸಂಗತಿ ನಡೆದಿತ್ತು. ಆಗ ಪಂಚಮಿಗೆಂದು ನಾನು ಹುಬ್ಬಳ್ಳಿಗೆ ಹೋಗಿ ಬಂದಿದ್ದೆ. ಬಂದು ಎರಡು ವಾರವಾಗಿರಬೇಕು, ಒಂದು ಬೆಳಗ್ಗೆ ಕಾಕಾನ ಡ್ರೈವರು ಕಾರು ತೊಳೆದು ಒರೆಸಿ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ, ಹಣ್ಣು, ಸೀರೆಯ ಪೆಟ್ಟಿಗೆ ಇಟ್ಟುಕೊಂಡು ಹೊರಟ. ಕಾಕಾ ಗೇಟಿನವರೆಗೆ ಹೋಗಿ "ಸಾವಕಾಶ ಹೋಗು, ಅಕಿಗೆ ಕಾರು ಅಂದ್ರ ಹೊಟ್ಟಿ ತೊಳಸತೈತಿ," ಎಂದು ಹಿಂದಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರು. ಇಡೀ ಮಧ್ಯಾಹ್ನ ವರಾಂಡದ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಕಾರು ಬಂತು. ಹಿಂದಿನ ಸೀಟಿನಲ್ಲಿ ಹಾಗೇ ತೆಂಗಿನಕಾಯಿ, ಹಾಗೇ ಪೆಟ್ಟಿಗೆ. ಡ್ರೈವರು ತಲೆ ಅಲ್ಲಾಡಿಸಿದ. ಕಾಕಾ ಸೀರೆಯ ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಏನೆಂದು ಅರ್ಥವಾಗಲಿಲ್ಲ, ಕೇಳುವ ಸಲಿಗೆ ಆಗ ಇರಲಿಲ್ಲ.

ಮರುವರ್ಷ ನನಗೆ ರಜೆ ಸಿಗಲಿಲ್ಲ. ಪಂಚಮಿ ರವಿವಾರವೇ ಬಂದಿದ್ದರಿಂದ ಇಲ್ಲೇ ಮಾಡಿದರಾಯಿತು ಎಂದು ಎಳ್ಳು, ಶೇಂಗಾ ಹುರಿದು ಉಂಡಿ ಕಟ್ಟಿದೆ. ಒಬ್ಬಳೇ ಕೂತು ಉಂಡಿ ಕಟ್ಟುವುದು ಎಂಥ ಬೇಸರದ ಕೆಲಸ ಎಂದು ಆವತ್ತು ಗೊತ್ತಾಯಿತು. ಕದ್ದು ತಿನ್ನುವವರಿಲ್ಲ, ಬೈಸಿಕೊಳ್ಳುವವರಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಟಿನಲ್ಲಿಟ್ಟುಕೊಂಡು ಕೆಳಗೆ ಹೋದೆ. ಕಾಕಾ ವರಾಂಡದಲ್ಲಿ ಪೇಪರು ಓದುತ್ತಿದ್ದರು.

"ಏನ್ರಿ ಇದು, ಉಂಡಿ!" ಎಂದರು. ಮುಖ ಹುಡುಗನಂತೆ ಅರಳಿತು. "ಇಷ್ಟ ಲಗೂನಽ ಹಬ್ಬ ಚಾಲೂ ಮಾಡೀರಿ?"

"ಲಗೂ ಎಲ್ಲೀದ್ರಿ ಕಾಕಾ. ಇವತ್ತಽ ಪಂಚಮಿ."

"ಇಲ್ಲ ಇಲ್ಲ. ಇನ್ನ ಹದಿನೈದ ದಿನ ಐತಿ."

ನಾನು ನಕ್ಕೆ. ಅವರು ಎದ್ದು ಗೋಡೆಯ ಮೇಲಿನ ಕ್ಯಾಲೆಂಡರು ತೆಗೆದು ತಂದರು. ಸಿಮೆಂಟ್ ವ್ಯಾಪಾರಿ ಕೊಟ್ಟ ಗುಜರಾತಿ ಕ್ಯಾಲೆಂಡರು. ನಾಗಪಂಚಮಿ ಎಂದು ಕೆಂಪಕ್ಷರದಲ್ಲಿ ಬರೆದಿದ್ದು ಹುಣ್ಣಿಮೆಯಾದ ಮೇಲಿನ ಪಂಚಮಿಗೆ. ನಮ್ಮದು ಅಮಾವಾಸ್ಯೆಯಾದ ಐದನೆಯ ದಿನಕ್ಕೆ ಬರುತ್ತದೆ, ಇಲ್ಲಿಯವರದು ಹುಣ್ಣಿಮೆ ಕಳೆದು. ಇದೇನು ದೊಡ್ಡ ಜ್ಞಾನವಲ್ಲ, ಇಲ್ಲಿ ಕನ್ನಡದವರ ಎಲ್ಲ ಮನೆಗಳಲ್ಲೂ ಹೆಂಗಸರಿಗೆ ಗೊತ್ತಿರುವುದೇ. ಕಾಕಾನ ಮನೆಯಲ್ಲೂ ಹೆಂಡತಿಗೆ ಗೊತ್ತಿತ್ತು. ಅವರು ಹೋದ ಮೇಲೆ ಗೊತ್ತಿರುವವರು ಯಾರೂ ಉಳಿಯಲಿಲ್ಲ.

ನಾನು ಹೇಳುತ್ತಲೇ ಇದ್ದೆ, ಅವರ ಮುಖ ನೋಡಿ ನಿಲ್ಲಿಸಿದೆ. ಕ್ಯಾಲೆಂಡರು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಿದ್ದರು. "ಹಂಗಾದ್ರ ಇಷ್ಟು ವರ್ಷ ನಾನು ಹಬ್ಬ ಮುಗದ ಮ್ಯಾಲ ಕಾರು ಕಳಿಸೀನಿ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಒಳಗೆ ಹೋಗಿ ಬೀರು ತೆರೆದರು. ಸೀರೆಯ ಪೆಟ್ಟಿಗೆಗಳು ಒಂದರ ಮೇಲೊಂದು ಇದ್ದದ್ದು ಬಾಗಿಲಿನಿಂದಲೇ ನನಗೆ ಕಂಡಿತು. ಸ್ವಲ್ಪ ಹೊತ್ತು ನೋಡಿ, ಏನೂ ತೆಗೆಯದೆ ಬೀರು ಮುಚ್ಚಿದರು. "ನೀವೂ ಬರ್ರಿ. ಹೆಣ್ಣಮಗಳು ಒಬ್ರು ಜೋಡಿ ಇದ್ರ ನನಗ ಧೈರ್ಯ. ಆ ಉಂಡಿ ಡಬ್ಬಿಗೆ ಹಾಕ್ಕೊರ್ರಿ," ಎಂದರು. ಎಲ್ಲಿಗೆ ಎಂದೂ ಕೇಳದೆ ನಾನು ಚಪ್ಪಲಿ ಮೆಟ್ಟಿದೆ.

ವಡೋದರಾದ ದಾರಿಯಲ್ಲಿ, ಮಳೆಯಲ್ಲಿ, ಕಾಕಾ ಎಲ್ಲವನ್ನೂ ಹೇಳಿದರು. ಮಾತಾಡುವಾಗ ನನ್ನ ಕಡೆ ನೋಡಲಿಲ್ಲ, ವೈಪರನ್ನು ನೋಡುತ್ತಿದ್ದರು.

ಅವರಿಗೊಬ್ಬ ಅಕ್ಕ. ಅಪ್ಪ ಅವ್ವ ಹೋದಾಗ ಆಕೆಯೂ ಇನ್ನೂ ಹುಡುಗಿಯೇ. ಬೆರಳು ಸುಟ್ಟುಕೊಂಡ ತಮ್ಮನನ್ನು ಶಾಲೆಗೆ ಸೇರಿಸಿದ್ದು ಆಕೆ. ಇವನು ಬರದಿದ್ದರೆ ಕೂಲಿ ಇಲ್ಲ, ಗುಡಾರದಲ್ಲಿ ಜಾಗವೂ ಇಲ್ಲ ಎಂದ ಕೂಲಿಗಳ ಮೇಸ್ತ್ರಿ ಮುಕಾದಮನಿಗೆ, "ಅವನ ಪಾಳೀನೂ ನಾನಽ ಹೊರತೀನಿ, ಅವನ್ನ ಬಿಡು," ಎಂದಳಂತೆ. ಜಲ್ಲಿಖಡಿಯ ಬುಟ್ಟಿ ತನ್ನದೊಂದು, ತಮ್ಮನದೊಂದು. ಇವರು ಓದು ಮುಗಿಸಿ ಮೊದಲ ಗುತ್ತಿಗೆ ಹಿಡಿಯುವವರೆಗೂ ಹಾಗೇ ನಡೆಯಿತು. ಆಮೇಲೆ ಆಕೆಗೆ ಅದೇ ಗುಂಪಿನಲ್ಲಿ ಮದುವೆಯಾಯಿತು. ತಮ್ಮ ಎಷ್ಟು ಕರೆದರೂ ಬಂದು ಇರಲಿಲ್ಲ. "ಕೈಯಾಗ ಕೆಲಸ ಐತಲ್ಲೋ, ಹಬ್ಬಕ್ಕ ಬರತೀನಿ ಬಿಡು," ಅನ್ನುವಳು. ಪಂಚಮಿಗೆ ಮಾತ್ರ ತಪ್ಪದೆ ಬರುವಳು. ಗುಂಪು ಎಲ್ಲಿದ್ದರೂ ಕಾಕಾ ಮೋಟರ್‌ಸೈಕಲ್ ಹತ್ತಿ ತಾವೇ ಹೋಗಿ ಕರೆತರುತ್ತಿದ್ದರು. ತಮ್ಮನ ಬಾಡಿಗೆ ಖೋಲಿಯೇ ಆಕೆಗೆ ತವರು.

ಮಣಿನಗರದ ಈ ಮನೆ ಕಟ್ಟಿ ಗೃಹಪ್ರವೇಶದ ವಾಸ್ತು ಮಾಡಿದ ದಿನ ಎಲ್ಲ ಕೆಟ್ಟಿತು. ಬಂದವರಿಗೆ ಉಡುಗೊರೆಯ ಆಯೇರಿಗೆಂದು ಎರಡು ರಾಶಿ ಸೀರೆ ತಂದಿದ್ದರು. ನೆಂಟರಿಗೆ ಊರಿನಿಂದ ತರಿಸಿದ ಇಳಕಲ್ ಸೀರೆ. ಕೂಲಿ ಹೆಂಗಸರಿಗೆ ಸೂರತ್ತಿನಿಂದ ಒಟ್ಟಿಗೆ ಕೊಂಡ, ಎಲ್ಲ ಒಂದೇ ನೇರಳೆ ಬಣ್ಣದ ಸೀರೆ. ಅಕ್ಕ ಬೆಳಗ್ಗೆಯೇ ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನ ಕೂಲಿಯವರ ಟೆಂಪೊದಲ್ಲಿ ಅವರೊಂದಿಗೇ ಬಂದಳು, ಅವರ ಸಾಲಿನಲ್ಲೇ ನಿಂತಳು. ಕಾಕಾ ಸಾಲಾಗಿ ಕೊಡುತ್ತ ಹೋದರು. ಫೋಟೊದವನು ಒಂದೇ ಸಮನೆ ಇತ್ತ ನೋಡಿ ಸರ್, ಇತ್ತ ನೋಡಿ ಸರ್ ಎನ್ನುತ್ತಿದ್ದ. ಇವರು ಅತ್ತ ನೋಡುತ್ತ, ನಗುತ್ತ, ಅಕ್ಕನ ಕೈಯಲ್ಲಿ ನೇರಳೆ ಸೀರೆ ಇಟ್ಟರು.

"ನನಗ ಗೊತ್ತಽ ಆಗಲಿಲ್ರಿ," ಎಂದರು ಕಾಕಾ. "ಅಕ್ಕ ಯಾಕ ಬರಲಿಲ್ಲ ಅಂತ ಸಂಜೀತನಾ ಸಿಟ್ಟಾಗಿದ್ದೆ."

ಗೊತ್ತಾದದ್ದು ಕೆಲವು ದಿನದ ಮೇಲೆ, ಅವರದೇ ಒಂದು ರಸ್ತೆಯ ಕೆಲಸದಲ್ಲಿ. ಹೆಂಗಸರೆಲ್ಲ ಹೊಸ ಸೀರೆ ಉಟ್ಟುಕೊಂಡೇ ಬಂದಿದ್ದರು. ಬಿಸಿಲಲ್ಲಿ ನೇರಳೆ ಬಣ್ಣದ ಬಾಗಿದ ಬೆನ್ನುಗಳ ಒಂದು ಸಾಲು. ಅದರಲ್ಲಿ ಒಂದು ಬೆನ್ನು ನೆಟ್ಟಗಾಗಿ ತಿರುಗಿತು, ನೋಡಿದರೆ ಅಕ್ಕ.  ಆಕೆ ಒಂದೇ ಒಂದು ಮಾತು ಆಡಿದಳು. "ಬಿಸಿಲ ಐತಿ, ನೆರಳಿಗೆ ನಿಂದರು," ಎಂದಳು ತಮ್ಮನಿಗೆ.

ಆ ವರ್ಷದ ಪಂಚಮಿಗೆ ಹೆಂಡತಿ ಆಸ್ಪತ್ರೆಯಲ್ಲಿ. ಹಬ್ಬ ಯಾರಿಗೂ ನೆನಪಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಹೆಂಡತಿ ತೀರಿಹೋದರು. ಅಲ್ಲಿಂದ ಮುಂದೆ ಕಾಕಾ ಪ್ರತಿ ವರ್ಷ ಕಾರು ಕಳಿಸುತ್ತಿದ್ದರು, ಕಾರು ಖಾಲಿ ಬರುತ್ತಿತ್ತು. ನೀವೇ ಯಾಕೆ ಹೋಗಲಿಲ್ಲ ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. ನನ್ನ ಬಾಯಿ ಹಾಗೆ. "ಯಾವ ಮಾರಿ ತಗೊಂಡು ಹೋಗಲ್ರಿ?" ಎಂದರು. ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ವಡೋದರಾದ ಅಲ್ಕಾಪುರಿಯ ಹೋಟೆಲುಗಳ ದೀಪಗಳನ್ನು ದಾಟಿ, ರೈಲು ಹಳಿಯ ಆಚೆ ಹೋಗಿ, ಊರು ಮುಗಿದು ಬಯಲು ಶುರುವಾಗುವ ಕಡೆ ಒಂದು ಸಾಲು ತಗಡಿನ ಖೋಲಿಗಳು. ಮಳೆ ನಿಂತಿತ್ತು. ಸಂಜೆಯಾಗಿತ್ತು. ಕೊನೆಯ ಖೋಲಿಯ ಹೊಸ್ತಿಲ ಮೇಲೆ ಒಬ್ಬ ಮುದುಕಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ ಗಂಟು ಹಾಕಿಕೊಂಡಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಒಂದು ಕೈಚೀಲವಿತ್ತು. ಎಲ್ಲಿಗೋ ಹೊರಟವಳು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಕಾರು ನಿಂತರೂ ಆಕೆ ಏಳಲಿಲ್ಲ. ಕಾಕಾ ಇಳಿದು ನಾಲ್ಕು ಮಾರು ದೂರದಲ್ಲೇ, ಹೆಡ್ಮಾಸ್ತರರ ಖೋಲಿಯ ಹೊರಗಿನ ಹುಡುಗನಂತೆ ನಿಂತರು.

"ಯಾರದು?" ಎಂದಳು, ಕಂಡರೂ.

"ನಾನಽ ಅಕ್ಕಾ."

"ಡ್ರೈವರ್ ಎಲ್ಲಿ?"

"ಕಾರಿನ್ಯಾಗ ಅದಾನ."

"ಅವನ್ನೂ ಒಳಗ ಕರಿ. ವರ್ಷಾ ಬರತಾನ, ನಮ್ಮ ಮನ್ಯಾಗ ಒಂದು ತುತ್ತು ಉಂಡಿಲ್ಲ. ಹಬ್ಬ ಮುಗದು, ಡಬ್ಬಿ ತಿಕ್ಕಿ ಇಟ್ಟ ಮ್ಯಾಲ ಬಂದ್ರ ನಾ ಏನ ಉಣ್ಣಸ್ಲಿ?"

ಕಾಕಾ ಕ್ಯಾಲೆಂಡರಿನ ವಿಷಯ ಹೇಳಿದರು. ತಡವರಿಸುತ್ತ, ನಡುವೆ ಗುಜರಾತಿ ಶಬ್ದ ಬೆರೆಸುತ್ತ, ಇಲ್ಲಿಯವರ ಪಂಚಮಿ ಬೇರೆ, ನಮ್ಮದು ಬೇರೆ, ನನಗೆ ಇವತ್ತು ಇವರು ಹೇಳಿದ ಮೇಲೇ ತಿಳಿಯಿತು ಎಂದರು. ಆಕೆ ತಲೆ ಬಗ್ಗಿಸಿ ಕೇಳಿದಳು.

"ನಮ್ಮ ಪಂಚಮಿ ಯಾವತ್ತಂತ ನಿನಗ ಮರತಿತ್ತು?" ಎಂದಳು.

ಕಾಕಾ ಸುಳ್ಳು ಹೇಳಬಹುದಿತ್ತು. ಮಗ ಕಳಿಸುತ್ತಿದ್ದ, ಆಫೀಸಿನವರು ತಪ್ಪು ಮಾಡಿದರು, ಏನು ಬೇಕಾದರೂ. "ಮರತಿತ್ತು," ಎಂದರು.

 "ನಾ ಬ್ಯಾರೆ ತಿಳದಿದ್ದೆ," ಎಂದಳು ಆಕೆ. "ಹಬ್ಬದ ದಿನ ಮಂದಿ ಬರತಾರ, ಸೊಸೇರ ಕಡೇವ್ರು ಬರತಾರ, ಅವರ ಮುಂದ ಈ ಅಕ್ಕನ್ನ ಹ್ಯಾಂಗ ಕುಂದ್ರಸೂದು ಅಂತ ಎಲ್ಲಾರೂ ಹೋದ ಮ್ಯಾಲ ಕರಸ್ತಾನ ಅಂತ ತಿಳದಿದ್ದೆ. ಹಂಗ ಕದ್ದು ಬರೂ ತವರು ನನಗ ಬ್ಯಾಡ ಅಂತ ಬರಲಿಲ್ಲ."

ಕಾಕಾ ಆ ಕೆಸರಲ್ಲೇ ಕೂತುಬಿಟ್ಟರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಉಂಡಿಯ ಡಬ್ಬಿ ಹಿಡಿದುಕೊಂಡು ನಾನೂ ಅತ್ತೆ. ಆಕೆ ಮಾತ್ರ ಅಳಲಿಲ್ಲ. ಎದ್ದು ಬಂದು ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. "ಸೀರಿ, ಅಕ್ಕಾ, ಆವತ್ತಿನ ಆ ಸೀರಿ..." ಎಂದು ಕಾಕಾ ಏನೋ ಹೇಳಲು ಹೋದರು. "ಯಾವ ಸೀರಿ? ಅದು ಹರದು ಹೋಗಿ ಎಷ್ಟ ದಿನಾತು. ಕೆಲಸಕ್ಕ ಚಲೋ ಇತ್ತು," ಎಂದಳು.

ಒಳಗೆ ಕೂರಿಸಿ ರೊಟ್ಟಿ, ಕಾಳಿನ ಪಲ್ಯ, ಉಂಡಿ ಬಡಿಸಿದಳು. ಡ್ರೈವರನಿಗೆ ಎರಡು ಉಂಡಿ ಹೆಚ್ಚಿಗೆ. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಸೂರತ್ತಿನ ಕಡೆ ರೋಲರ್ ಓಡಿಸುತ್ತಿದ್ದ. ಹಬ್ಬದ ಅಡುಗೆಯನ್ನು ಯಾರಿಗೆಂದು ಮಾಡಿಟ್ಟಿದ್ದಳು ಎಂದು ನಾನು ಕೇಳಲಿಲ್ಲ. ಈಗಲೇ ಹೊರಡೋಣ ಎಂದು ಕಾಕಾ ಹಟ ಹಿಡಿದಾಗ ಆಕೆ ನಕ್ಕಳು. ಇಬ್ಬರದೂ ಒಂದೇ ನಗು. "ದೀಪಾ ಹಚ್ಚೂ ಹೊತ್ತಿನ್ಯಾಗ ಹೆಣ್ಣಮಗಳು ತವರಿಗೆ ಹೋಗತಾಳೇನೊ? ಬರೂ ಪಂಚಮಿಗೆ ಬಾ. ಮುಂಜಾನೆ ಬಾ. ನೀನಽ ಬಾ. ಬರತೀನಿ."

ಆಮೇಲಿನ ತಿಂಗಳುಗಳಲ್ಲಿ ಕೆಳಗಿನ ಮನೆಯ ಸದ್ದೇ ಬೇರೆಯಾಯಿತು. ದಿನಾ ಸಂಜೆ ಕಾಕಾ ಅಕ್ಕನಿಗೆ ಫೋನು ಹಚ್ಚುತ್ತಿದ್ದರು. ವಡೋದರಾಕ್ಕೆ ಫೋನಿಲ್ಲದೆಯೇ ಕೇಳುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು. ಏನು ಮಾಡಿದಿ, ಏನು ಉಂಡಿ, ಕಾಲು ನೋವು ಹ್ಯಾಂಗೈತಿ. ಎರಡು ಸಲ ಹೋಗಿಯೂ ಬಂದರು. ದೀಪಾವಳಿಗೆ ಕರೆದರೆ ಆಕೆ ಒಪ್ಪಲಿಲ್ಲ. ಪಂಚಮಿಗೆ ಅಂದರೆ ಪಂಚಮಿಗೇ. ನಾನು ಹುಬ್ಬಳ್ಳಿಯಿಂದ ಬರುವಾಗ ಕನ್ನಡ ಕ್ಯಾಲೆಂಡರು ತಂದುಕೊಟ್ಟೆ. ಅದನ್ನು ದೇವರ ಪಟಗಳ ಸಾಲಿನಲ್ಲಿ ನೇತುಹಾಕಿ, "ಈ ಸಲ ವಾಸ್ತು ಮತ್ತೊಮ್ಮೆ ಮಾಡಬೇಕ್ರಿ. ಅಕ್ಕ ಒಳಗ ಕಾಲಿಟ್ಟಾಗಽ ಈ ಮನಿ ವಾಸ್ತು," ಎಂದರು.

ಉತ್ತರಾಯಣದ ದಿನ ಕಾಕಾ ಹೋದರು. ಸಂಕ್ರಾಂತಿಗೆ ಇಲ್ಲಿ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ಪ್ರತಿ ಮಾಳಿಗೆಯ ಮೇಲೂ ಸ್ಪೀಕರು, ಕೂಗಾಟ. ಕೆಳಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಸೊಸೈಟಿಯ ಹೆಂಗಸರು ನನ್ನನ್ನೂ ಮಾಳಿಗೆಗೆ ಎಳೆದೊಯ್ದಿದ್ದರು. ಮಧ್ಯಾಹ್ನ ಕಾಕಾನಿಗೆಂದು ಒಂದು ಬಟ್ಟಲು ಉಂಧಿಯು, ಇಲ್ಲಿಯವರ ಹಬ್ಬದ ತರಕಾರಿ ಪಲ್ಯ, ಹಿಡಿದು ಕೆಳಗಿಳಿದೆ. ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ತಲೆ ಒಂದು ಕಡೆ ವಾಲಿತ್ತು. ಕೂಗಿದೆ, ಅಲ್ಲಾಡಿಸಿದೆ, ಮತ್ತೆ ಕೂಗಿದೆ. ನನ್ನ ಕೂಗು ಮೇಲಿನ ಕೂಗಾಟದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಕಾಶ ತುಂಬ ಗಾಳಿಪಟಗಳಿದ್ದವು, ಅಷ್ಟು ಜನರ ಕೆಳಗೆ ಅವರು ಒಬ್ಬರೇ ಹೋಗಿಬಿಟ್ಟಿದ್ದರು.

ಅಕ್ಕ ಆಗ ಮಗನ ಹತ್ತಿರ ಸೂರತ್ತಿನಲ್ಲಿದ್ದಳು. ನಾನೇ ಫೋನು ಮಾಡಿದೆ. ಅವರು ರೈಲು ಹಿಡಿದು ಬರುವವರೆಗೆ ಅಂತ್ಯಕ್ರಿಯೆ ತಡೆಯಿರಿ ಎಂದು ಕಾಕಾನ ಮಕ್ಕಳಿಗೆ ಹೇಳಿದೆ, ತಡೆದರು. ಮರುದಿನ ಬೆಳಗ್ಗೆ ಅಂಗಳದಲ್ಲಿ ದೊಡ್ಡ ದೊಡ್ಡ ಕಾರಿನವರು, ಕಾರ್ಖಾನೆಯವರು, ಕೂಲಿಯವರು ತುಂಬಿದ್ದರು. ಸೊಸೆ ನನ್ನನ್ನು ಕರೆದು, ಗೇಟಿನ ಹತ್ತಿರ ಕೂಲಿ ಹೆಂಗಸರ ನಡುವೆ ನಿಂತಿದ್ದ ಮುದುಕಿಯನ್ನು ತೋರಿಸಿ, ಅವರೇನಾ ಎಂದು ಕೇಳಿದಳು. ಹೌದು ಎಂದೆ. ಆ ಹುಡುಗಿ ತಾನೇ ಹೋಗಿ ಕೈ ಹಿಡಿದು ಕರೆತಂದಳು. ಅಕ್ಕ ತಮ್ಮನ ಹಣೆಯ ಮೇಲೆ ಕೈಯಿಟ್ಟು ಬೈದಳು. ಎಲ್ಲರ ಮುಂದೆ, ಗಟ್ಟಿಯಾಗಿ.

"ನಿನ್ನ ಪಾಳಿ ಎಲ್ಲಾ ನಾ ಹೊತ್ತೆ. ಇದು ನನ್ನ ಪಾಳಿ ಇತ್ತಲ್ಲೋ. ಇದನ್ಯಾಕ ನೀ ತಗೊಂಡಿ?"

ಹಿರಿಯ ಮಗ ನನ್ನನ್ನು ಹಿಂದಿಯಲ್ಲಿ ಕೇಳಿದ, ಅತ್ತೆ ಏನು ಹೇಳುತ್ತಿದ್ದಾರೆ ಎಂದು. ಹೇಳಲು ಹೋಗಿ, ಪಾಳಿ ಎಂಬ ಮಾತಿಗೇ ಹಿಂದಿ ಹುಡುಕುತ್ತ ನಿಂತೆ.

ಈಗ ಕೆಳಗಿನ ಮನೆಗೆ ಬೀಗ. ಮಾರಬಾರದೆಂದು ಮಕ್ಕಳು ಇಟ್ಟುಕೊಂಡಿದ್ದಾರೆ, ನನ್ನನ್ನು ಬಿಡಿಸಲಿಲ್ಲ. ಈ ಮನೆಯಲ್ಲಿ ಈಗ ಮಾತಾಡುವುದು ನನ್ನ ಕುಕ್ಕರು ಮಾತ್ರ. ಮೊನ್ನೆ ಪಂಚಮಿಯ ಹಿಂದಿನ ದಿನ ಫೋನು ಬಂತು. ಅಕ್ಕ ವಡೋದರಾಕ್ಕೆ ಮರಳಿದ್ದಳು. "ತಂಗೀ, ಆ ಹುಡುಗ್ರಿಗೆ ಹೇಳು, ಕಾರು ಕಳಸೂದು ಬ್ಯಾಡ. ತಮ್ಮ ಇಲ್ಲದ ಮನಿ ತವರಲ್ಲ. ಈ ವರ್ಷ ನಾ ಹಾದಿ ನೋಡಂಗಿಲ್ಲ. ಇಷ್ಟ ಹೇಳಾಕ ಫೋನ್ ಮಾಡೀನಿ," ಎಂದು ಇಟ್ಟುಬಿಟ್ಟಳು.

ರಾತ್ರಿಯೆಲ್ಲ ನನಗೆ ಅದೇ. ಬೆಳಗ್ಗೆ ಎದ್ದು ಬ್ಯಾಂಕಿಗೆ ಬರುವುದಿಲ್ಲವೆಂದು ಹೇಳಿ, ಮಣಿನಗರ ಸ್ಟೇಷನ್ನಿನಲ್ಲಿ ಸಿಕ್ಕ ರೈಲು ಹತ್ತಿದೆ. ನಾನು ಆಕೆಗೆ ಏನೂ ಅಲ್ಲ, ಅತ್ತಿಗೆಯೂ ಅಲ್ಲ, ಸೊಸೆಯೂ ಅಲ್ಲ. ಯಾವ ಅಧಿಕಾರದಿಂದ ಕರೆಯಲಿ ಎಂದು ದಾರಿಯುದ್ದಕ್ಕೂ ಯೋಚಿಸಿ ಏನೂ ಹೊಳೆಯಲಿಲ್ಲ. ಆಟೊ ಇಳಿದು ಖೋಲಿಗಳ ಸಾಲಿನ ಕಡೆ ನಡೆದೆ.

ಕೊನೆಯ ಖೋಲಿಯ ಹೊಸ್ತಿಲ ಮೇಲೆ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಒಗೆದ ಸೀರೆ, ಪಕ್ಕದಲ್ಲಿ ಕೈಚೀಲ. ನನ್ನನ್ನು ಕಂಡು ಚೀಲವನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ಹಾದಿ ನೋಡಂಗಿಲ್ಲ ಅಂದಿದ್ರಲ್ಲ ಆಯಿ?" ಎಂದೆ.

"ರೂಢಿ ತಂಗಿ," ಎಂದಳು. "ಬರಂಗಿಲ್ಲ ಅಂತ ಗೊತ್ತೈತಿ. ರೂಢಿ."

ಸ್ವಲ್ಪ ಸರಿದು ಜಾಗ ಕೊಟ್ಟಳು. ಹೋಗೋಣ ನಡೀರಿ ಎಂದು ನಾನು ಅನ್ನಲಿಲ್ಲ, ಆಕೆಯೂ ಕೇಳಲಿಲ್ಲ. ಹೊಸ್ತಿಲ ಮೇಲೆ ಇಬ್ಬರೂ ಕೂತು, ದೀಪ ಹಚ್ಚುವ ಹೊತ್ತಿನವರೆಗೆ ರಸ್ತೆ ನೋಡಿದೆವು.